ನಿಂತಲ್ಲೇ ನಿಂತು

ಕಳೆದ ಮಳೆಗಾಲದಲ್ಲಿ ತಂಗಿಯ ಮಗಳು ಬೆಂಗಳೂರಿನಿಂದ ಬಂದಿದ್ದಳು. ಊಟ ಮುಗಿಸಿ ಕೈ ತೊಳೆಯುತ್ತ, "ಮಾವ, ನಿನ್ನತ್ರ ಹಳೇ ರೀಲ್ ಕ್ಯಾಮೆರಾ ಇತ್ತಲಾ, ಅದು ಯಂಗೆ ಕೊಡು" ಎಂದಳು. ಅವಳ ಓರಗೆಯವರಲ್ಲಿ ಈಗ ಅದೇ ಶೋಕಿಯಂತೆ. ಕೈಯಲ್ಲಿರುವ ಮೊಬೈಲಿನಲ್ಲಿ ಪುಕ್ಕಟೆ ಸಾವಿರ ಫೋಟೋ ಹೊಡೆಯಬಲ್ಲವರು 36 ಫೋಟೋದ ರೀಲಿಗೆ ದುಬಾರಿ ಬೆಲೆ ಕೊಟ್ಟು, ಅದನ್ನು ತೊಳೆಸಲು ಕೊಟ್ಟು, ವಾರಗಟ್ಟಲೆ ಕಾಯುತ್ತಾರಂತೆ. ನಾವು ವಿಧಿಯಿಲ್ಲದೆ ಕಾದದ್ದನ್ನು ಇವರು ಖುಷಿಗೆ ಕಾಯುತ್ತಾರೆ. ಇರಲಿ.

ಅಟ್ಟದಿಂದ ಟ್ರಂಕು ಇಳಿಸಿದೆ. ಕ್ಯಾಮೆರಾ ಇತ್ತು. ಅದರ ಚೀಲದ ಒಳಪದರ ಕರಗಿ ಬೆರಳಿಗೆ ಅಂಟುತ್ತಿತ್ತು. ಟಾರ್ಚು ಬಿಟ್ಟು ನೋಡಿದರೆ ಮಸೂರದೊಳಗೆ ಜೇಡನ ಬಲೆ ಹರಡಿದ ಹಾಗೆ ಬೂಷ್ಟು. ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ ಮಳೆ ಹೊಯ್ಯುವ ನಮ್ಮ ಕರಾವಳಿಯಲ್ಲಿ ಆಷಾಢ ಬಂದರೆ ಚರ್ಮದ ಚಪ್ಪಲಿಯೇ ಹಸಿರಾಗುತ್ತದೆ, ಜಪಾನಿನ ಗಾಜಿನದೇನು ಹೆಚ್ಚುಗಾರಿಕೆ! ಕ್ಯಾಮೆರಾದ ಕೆಳಗೆ ಬಿಸ್ಕಿಟ್ ಡಬ್ಬ, ಡಬ್ಬದ ತುಂಬ ನೆಗೆಟಿವ್‌ಗಳು. ಎಲ್ಲಕ್ಕಿಂತ ಅಡಿಗೆ ಬ್ಯಾಂಕಿನ ಕಂದು ಲಕೋಟೆ. ಅದರ ಮೇಲೆ ಕೆಂಪು ಶಾಯಿಯಲ್ಲಿ ನನ್ನದೇ ಅಕ್ಷರ: "ಕಾಪಿ ಕೊಡಬೇಕಾದ್ದು."

ನಾನು 35 ವರ್ಷ ಬ್ಯಾಂಕಿನಲ್ಲಿದ್ದವನು. ಅದರಲ್ಲಿ ಹೆಚ್ಚಿನ ಕಾಲ ಕ್ಯಾಶ್ ಕೌಂಟರಿನಲ್ಲೇ ಕಳೆದದ್ದು. ಸಂಜೆ ಕ್ಯಾಶ್ ಟ್ಯಾಲಿ ಆಗದೆ ಮನೆಗೆ ಹೋದ ದಿನವಿಲ್ಲ. ಎಂಟಾಣೆ ಹೆಚ್ಚಾದರೂ ಕಡಿಮೆಯಾದರೂ ಮತ್ತೆ ಮೊದಲಿನಿಂದ ಎಣಿಸುತ್ತಿದ್ದೆ. ಅಂಥವನ ಅಟ್ಟದಲ್ಲಿ ಇಂಥದೊಂದು ಲಕೋಟೆ ಇಪ್ಪತ್ತು ವರ್ಷ ಬಿದ್ದುಕೊಂಡಿತ್ತು.

ಕ್ಯಾಮೆರಾ ಕೊಂಡದ್ದು 1992ರಲ್ಲಿ, ಭಟ್ಕಳದಲ್ಲಿ. ಆಗ ನನಗೆ ಅಲ್ಲಿ ಕೆಲಸ. ನವಾಯತ ಮುಸ್ಲಿಮರ ಮನೆಮನೆಯಿಂದಲೂ ಒಬ್ಬಿಬ್ಬರು ದುಬೈಯಲ್ಲೋ ಸೌದಿಯಲ್ಲೋ ಇರುತ್ತಿದ್ದ ಊರದು. ಅವರು ರಜೆಯಲ್ಲಿ ಬರುವಾಗ ತಂದ ಸೆಂಟು, ಟೇಪ್ ರೆಕಾರ್ಡರು, ಕೈಗಡಿಯಾರ, ಕ್ಯಾಮೆರಾಗಳೆಲ್ಲ ಪೇಟೆಯ ಫಾರಿನ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತಿದ್ದವು. ಕುಂದಾಪುರದಿಂದಲೂ ಶಿರಸಿಯಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು. ನನಗೆ ಗೊತ್ತಿದ್ದ ಕ್ಯಾಮೆರಾ ಎಂದರೆ ಅಪ್ಪಯ್ಯ ಮದುವೆ ಮುಂಜಿಗೆ ಸ್ನೇಹಿತರಿಂದ ಕಡ ತರುತ್ತಿದ್ದ ಅಗ್ಫಾ ಕ್ಲಿಕ್-3. ಅದರಲ್ಲಿ ರೀಲಿಗೆ ಹನ್ನೆರಡೇ ಫೋಟೋ. ಅಪ್ಪಯ್ಯ ಅದನ್ನು ಹೊಟ್ಟೆಗೆ ಆನಿಸಿಕೊಂಡಂತೆ ಹಿಡಿದು ಎದುರಿದ್ದವರ ಹತ್ತಿರ ಹೋಗುತ್ತಿದ್ದ, ಸಾಲದಿದ್ದರೆ ಇನ್ನೊಂದು ಹೆಜ್ಜೆ ಹೋಗುತ್ತಿದ್ದ. ಅಷ್ಟರಲ್ಲಿ ಅವರ ಹತ್ತಿರ ನಾಲ್ಕು ಮಾತಾಗುತ್ತಿತ್ತು. ಮಕ್ಕಳ ಮೂಗು ಒರೆಸುವುದು, ಅಜ್ಜಿಯ ಸೆರಗು ಸರಿಮಾಡಿಸುವುದು ಎಲ್ಲ ಆದ ಮೇಲೆ ಕ್ಲಿಕ್.

ಅಂಗಡಿಯ ಸಾಹೇಬರಿಗೆ ನಮ್ಮ ಬ್ಯಾಂಕಿನಲ್ಲಿ ಖಾತೆಯಿತ್ತು. ಗಾಜಿನ ಕಪಾಟಿನಿಂದ ಕರಿಯ ಬಣ್ಣದ, ಕೈಗೆ ಭಾರವಾದ ಒಂದನ್ನು ತೆಗೆದು ಮೇಜಿನ ಮೇಲಿಟ್ಟರು. ಪೆಂಟಾಕ್ಸ್ ಝೂಮ್-70. ಜೇಬಿನ ಜಾತಿಯ ಕ್ಯಾಮೆರಾಕ್ಕೆ ಝೂಮ್ ಮಸೂರ ಕೂರಿಸಿ ಅದನ್ನು ಮೋಟರಿನಲ್ಲಿ ಓಡಿಸಿದ ಮೊದಲ ಮಾದರಿ ಅದು, 1986ರದು. ಅದಕ್ಕೆ ಮೊದಲು ಝೂಮ್ ಬೇಕಿದ್ದವರು ಸ್ಟುಡಿಯೋದವರಂತೆ ದೊಡ್ಡ ಕ್ಯಾಮೆರಾ ಕೊಂಡು, ಬೇರೆ ಲೆನ್ಸ್ ಕೊಂಡು, ತಿರುಗಿಸಿ ಸಿಕ್ಕಿಸಬೇಕಿತ್ತು. ಸಾಹೇಬರು ಒಂದು ಗುಂಡಿ ಒತ್ತಿದರು. ಮಸೂರ ಜುಂಯ್ ಎನ್ನುತ್ತ ಆಮೆಯ ಕತ್ತಿನಂತೆ ಮುಂದೆ ಬಂತು. ಇಣುಕು ಕಿಂಡಿಗೆ ಕಣ್ಣಿಟ್ಟು ನೋಡಿದೆ. ರಸ್ತೆಯಾಚೆ ಮಲ್ಲಿಗೆ ಮಾರುತ್ತಿದ್ದವಳ ಬೆರಳು ಕಂಡವು, ದಾರ ಸುತ್ತುವುದು ಕಂಡಿತು. ಅವಳಿಗೆ ನನ್ನ ಸುಳಿವೇ ಇಲ್ಲ.

"ನೋಡಿ ಹೆಗ್ಡೇರೇ, ಇದ್ರಲ್ಲಿ ನಡೀಬೇಕಂತಿಲ್ಲ. ನಿಂತಲ್ಲೇ ನಿಂತು ಹತ್ರ ಹೋಗ್ಬಹುದು" ಎಂದರು ಸಾಹೇಬರು.

ವ್ಯಾಪಾರಕ್ಕೆ ಹೇಳಿದ ಮಾತು. ಆದರೆ ನನ್ನ ಜಾತಕ ಓದಿ ಹೇಳಿದ ಹಾಗಿತ್ತು. ನಾನು ಮೊದಲಿನಿಂದಲೂ ಜನರ ಹತ್ತಿರ ಹೋಗಲು ಹಿಂಜರಿಯುವವನು. ಮದುವೆಮನೆಯಲ್ಲಿ ಕಂಬಕ್ಕೆ ಒರಗಿ ನಿಲ್ಲುವವನು, ಸತ್ತವರ ಮನೆಗೆ ಹೋದರೆ ಅಂಗಳದ ಅಂಚಿನಲ್ಲಿ ಚಪ್ಪಲಿಗಳ ಹತ್ತಿರ ಉಳಿಯುವವನು. ಅಂಥವನಿಗೆ ಜಪಾನಿನವರು ನನ್ನನ್ನೇ ನೆನೆದು ಯಂತ್ರ ಮಾಡಿಕೊಟ್ಟಿದ್ದರು. ಮೂರು ಕಂತಿನಲ್ಲಿ ದುಡ್ಡು ಕೊಡಲು ಸಾಹೇಬರು ಒಪ್ಪಿದರು, ಕಾಗದ ಪತ್ರ ಏನನ್ನೂ ಕೇಳಲಿಲ್ಲ.

ಝೂಮ್ ಮಾಡಿದಾಗ ಆಗುವುದಿಷ್ಟೇ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಮಸೂರದ ನಾಭಿದೂರ 35 ಮಿಲಿಮೀಟರಿನಿಂದ 70ಕ್ಕೆ ಏರುತ್ತದೆ, ಎದುರಿನದು ಎರಡರಷ್ಟು ದೊಡ್ಡದಾಗಿ ಫಿಲ್ಮಿನ ಮೇಲೆ ಬೀಳುತ್ತದೆ. ಆದರೆ ಮುಂದಿನ ತೆಂಗಿನ ಮರ ಹಿಂದಿನ ಮನೆಯನ್ನು ಎಷ್ಟು ಮುಚ್ಚುತ್ತದೆ, ಒಬ್ಬರ ಮುಖದಲ್ಲಿ ಮೂಗು ಕಿವಿಗಿಂತ ಎಷ್ಟು ಮುಂದೆ ಕಾಣುತ್ತದೆ ಎಂಬುದೆಲ್ಲ ನಾವು ಕಾಲೂರಿದ ಜಾಗದಿಂದ ತೀರ್ಮಾನವಾಗುವ ಸಂಗತಿ. ಗುಂಡಿ ಎಷ್ಟು ಒತ್ತಿದರೂ ಅದು ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ದೂರದಿಂದ ಕಂಡದ್ದು ದೊಡ್ಡದಾದರೂ ದೂರದಿಂದ ಕಂಡದ್ದೇ. ಇನ್ನು ಆ ದೊಡ್ಡದಕ್ಕೆ ಬಡ್ಡಿ ಬೇರೆ: 35ರಲ್ಲಿ ಎಫ್ 3.5 ಇದ್ದ ಕಿಂಡಿ 70ಕ್ಕೆ ಹೋದಾಗ ಎಫ್ 6.7 ಆಗುತ್ತದೆ. ಒಳಗೆ ಬರುವ ಬೆಳಕು ಹತ್ತಿರ ಹತ್ತಿರ ಕಾಲುಭಾಗಕ್ಕೆ ಇಳಿಯುತ್ತದೆ.

1993ರ ವಿಷಯಕ್ಕೆ ಬರಲೇಬೇಕು. ಭಟ್ಕಳದಲ್ಲಿ ಆ ವರ್ಷ ಏಪ್ರಿಲಿನಲ್ಲಿ ಹೊತ್ತಿಕೊಂಡ ಕೋಮುಗಲಭೆ ತಿಂಗಳುಗಟ್ಟಲೆ ಆರಲಿಲ್ಲ. ಕರ್ಫ್ಯೂ ಹಾಕುವುದು, ಸಡಿಲಿಸುವುದು, ಮತ್ತೆ ಹಾಕುವುದು ನಡೆದೇ ಇತ್ತು. ಎರಡೂ ಕಡೆಯ ಮನೆಗಳಲ್ಲಿ ಹೆಣ ಬಿದ್ದವು. ಅದರ ಕಾರಣಗಳನ್ನು ವಿಚಾರಿಸಲು ಆಯೋಗವೇ ಕೂತಿತು, ನಾನು ಇಲ್ಲಿ ತೀರ್ಪು ಹೇಳಲು ಕೂತಿಲ್ಲ. ನನ್ನ ಬಾಡಿಗೆ ಕೋಣೆ ಮಹಡಿಯಲ್ಲಿತ್ತು. ಕಿಟಕಿಯಿಂದ ಸಾಹೇಬರ ಅಂಗಡಿ ಬೀದಿ ಕಾಣುತ್ತಿತ್ತು. ಒಂದು ಬೆಳಿಗ್ಗೆ ಕರ್ಫ್ಯೂ ಎರಡು ತಾಸು ಸಡಿಲವಾದಾಗ ನೋಡಿದರೆ ಅವರ ಅಂಗಡಿಯ ಶಟರು ಕಪ್ಪಾಗಿದೆ, ಅವರು ಸೊಂಟದ ಮೇಲೆ ಕೈಯಿಟ್ಟು ಅದರೆದುರು ನಿಂತಿದ್ದಾರೆ. ಒಬ್ಬರೇ. ಬೀದಿಯಲ್ಲಿ ಬೇರೆ ನರಪಿಳ್ಳೆ ಇಲ್ಲ.

ಮೆಟ್ಟಿಲಿಳಿದು ಹೋದರೆ ಇನ್ನೂರು ಹೆಜ್ಜೆ. ನಾನು ಏನು ಮಾಡಿದೆ? ಕ್ಯಾಮೆರಾ ತಂದೆ. ಗುಂಡಿ ಒತ್ತಿ 70ರ ತನಕ ಮಸೂರ ಓಡಿಸಿದೆ. ಸಾಹೇಬರ ಬೆನ್ನು ಕಿಂಡಿಯಲ್ಲಿ ಒಂದಿಷ್ಟು ದೊಡ್ಡದಾಯಿತು. ಒಂದು ಹೊಡೆದೆ, ಮತ್ತೊಂದು ಹೊಡೆದೆ. ಆ ಹೊತ್ತಿಗೆ ನನಗೆ ಎಂಥದೋ ಕರ್ತವ್ಯ ಮಾಡಿದ ಸಮಾಧಾನವಾಗಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ದಾಖಲೆ ಎಂದುಕೊಂಡೆ. ಯಾರಿಗೆ ದಾಖಲೆ, ಯಾವುದಕ್ಕೆ ದಾಖಲೆ, ಕೇಳಿಕೊಳ್ಳಲಿಲ್ಲ.

ಎಷ್ಟೋ ವಾರದ ಮೇಲೆ ರೀಲು ಮಂಗಳೂರಿನ ಲ್ಯಾಬಿಗೆ ಹೋಗಿ ಬಂತು. ಆ ಎರಡೂ ಫೋಟೋ ಮಸಕು. ಸಾಹೇಬರಿಲ್ಲ, ಶಟರಿಲ್ಲ, ಬೂದಿ ಬಣ್ಣದ ಮುದ್ದೆಗಳಷ್ಟೇ. ಆ ಕ್ಯಾಮೆರಾ ದೂರ ಅಳೆಯುವುದು ಹೇಗೆಂದರೆ, ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಮುಂದಕ್ಕೆ ಬಿಡುತ್ತದೆ, ಅದು ಎದುರಿನ ವಸ್ತುವಿಗೆ ಬಡಿದು ಬಂದ ಕೋನ ನೋಡಿ ಫೋಕಸ್ ಹಿಡಿಯುತ್ತದೆ. ನಡುವೆ ಕಿಟಕಿಯ ಗಾಜಿದ್ದರೆ ಕಿರಣ ಗಾಜಿಗೇ ಬಡಿದು ಹಿಂತಿರುಗಿ ಲೆಕ್ಕ ತಪ್ಪಬಹುದು. ಅಂದರೆ ನಾನು ಕಿಟಕಿ ತೆರೆದಿರಲಿಲ್ಲ. ಇಳಿದು ಹೋಗುವ ಮಾತು ಹಾಗಿರಲಿ, ಅಗುಳಿ ಸರಿಸುವ ಧೈರ್ಯವೂ ಇರಲಿಲ್ಲ. ಫೋಟೋ ಮಸಕಾದದ್ದಕ್ಕೆ ಬಹುಕಾಲ ಕ್ಯಾಮೆರಾವನ್ನೇ ಬೈದೆ.

ಮಳೆಗಾಲ ಕಳೆದು ಸಾಹೇಬರು ಒಂದು ದಿನ ಬ್ಯಾಂಕಿಗೆ ಬಂದರು. ದುಬೈಗೆ ಮಗನ ಹತ್ತಿರ ಹೋಗುವವರಿದ್ದರು, ಹಣ ತೆಗೆಯಬೇಕಿತ್ತು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ನಾನು ಜಾಲರಿಯ ಈಚೆ, ಅವರು ಆಚೆ. ನೋಟಿನ ಕಂತೆ ಎರಡು ಸಲ ಎಣಿಸಿದೆ, ಒಂದು ಸಲ ಸಾಕಿತ್ತು. "ಹಿಂದೆ ಇನ್ನೊಂದು ಸಹಿ ಮಾಡಿ" ಎಂದೆ. ಸಹಿ ಮಾಡಿದರು. ಕಂತೆ ಜೇಬಿಗಿಟ್ಟು ಕೇಳಿದರು: "ಕ್ಯಾಮೆರಾ ಹೇಗಿದೆ ಹೆಗ್ಡೇರೇ?"

"ಚೆನ್ನಾಗಿದೆ" ಎಂದೆ.

ಅಂಗಡಿಯ ಬಗ್ಗೆ ಒಂದು ಮಾತು ಕೇಳಲಿಲ್ಲ. ಹಿಂದೆ ಸಾಲಿನಲ್ಲಿ ಜನ ಇದ್ದರು, ಎಲ್ಲರ ಕಿವಿ ಇತ್ತಕಡೆಯೇ ಇದ್ದ ಕಾಲ ಅದು ಎಂದೆಲ್ಲ ಹೇಳಿಕೊಳ್ಳಬಹುದು. ಹೇಳಿಕೊಂಡೂ ಇದ್ದೇನೆ. ಆದರೆ ನನ್ನ ಕ್ಯಾಮೆರಾದ ಕ್ಷೇಮ ಕೇಳಲು ಅವರಿಗೆ ಆ ಸಾಲು ಅಡ್ಡ ಬರಲಿಲ್ಲವಲ್ಲ.

ಆಮೇಲೆ ಹೊನ್ನಾವರಕ್ಕೆ ವರ್ಗವಾಯಿತು. ಅಲ್ಲಿನ ಪಾಪಗಳು ಸಣ್ಣವು, ನಗಬಹುದಾದವು. ಶರಾವತಿಗೆ ಎರಡು ಕಿಲೋಮೀಟರಿಗೂ ಉದ್ದದ ರೈಲು ಸೇತುವೆ ಕಟ್ಟುವುದನ್ನು ದಡದಲ್ಲಿ ನಿಂತು ರೀಲುಗಟ್ಟಲೆ ಹೊಡೆದೆ. ನೀರಿನ ನಡುವೆ ಕಡ್ಡಿ ಚುಚ್ಚಿಟ್ಟಂತೆ ಕಂಬಗಳು, ಮನುಷ್ಯರು ಇರುವೆಗಳು. ಯಕ್ಷಗಾನದ ಮರುಳು ನನಗೆ ಮೊದಲಿಂದ ಇತ್ತು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಆಟ ಹತ್ತಿರದಲ್ಲಿ ಎಲ್ಲಿದ್ದರೂ ಸೈಕಲ್ ತುಳಿದು ಹೋಗುತ್ತಿದ್ದೆ. ಅವರ ಮಗ ಶಂಭು ಹೆಗಡೆಯವರ ವೇಷ ಹಿಡಿಯಬೇಕೆಂಬ ಹಟ. ಐದಾರನೇ ಸಾಲಿನಲ್ಲಿ ಕೂತು 70ಕ್ಕೆ ಓಡಿಸಿ ಹೊಡೆಯುವುದು, ಫ್ಲ್ಯಾಶ್ ಫಳ್ ಎನ್ನುವುದು. ಆ ಪುಟ್ಟ ಫ್ಲ್ಯಾಶಿನ ಬೆಳಕು ಎಫ್ 6.7ರಲ್ಲಿ ಎರಡು ಮೂರು ಮೀಟರು ಹೋದರೆ ಹೆಚ್ಚು. ಹೀಗಾಗಿ ನನ್ನ ಹತ್ತಿರ ಮುಂದಿನ ಸಾಲಿನವರ ಹಿಂದಲೆಗಳ ಅತ್ಯುತ್ತಮ ಸಂಗ್ರಹವಿದೆ. ಒಬ್ಬರ ಬೋಳುತಲೆಯ ಮೇಲಿನ ಮಚ್ಚೆ ಎಣಿಸಬಹುದು, ಅದರಾಚೆ ಕತ್ತಲಲ್ಲಿ ಕಿರೀಟದ್ದೋ ಏನೋ ಒಂದು ಮಿಣುಕು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಒಂದು ರಾತ್ರಿ ತಡೆಯದೆ ಅಂದರು: "ಎಂತ ಮಾರಾಯ, ಮೂರು ಸಲ ಮಿಂಚು ಬಂತು, ಮಳೆ ಬಪ್ಪುದು ಯಾವಾಗ?"

ಚೌಕಿ ಇಪ್ಪತ್ತು ಹೆಜ್ಜೆಯಲ್ಲಿತ್ತು. ಅಲ್ಲಿ ಹೋಗಿ ಕೈ ಮುಗಿದು ಕೇಳಿದ್ದರೆ, ಬಣ್ಣ ಹಚ್ಚಿಕೊಳ್ಳುವಾಗ, ಮುಂಡಾಸು ಕಟ್ಟಿಕೊಳ್ಳುವಾಗ ಒಂದು ಫೋಟೋಕ್ಕೆ ಯಾರೂ ಬೇಡ ಎನ್ನುತ್ತಿರಲಿಲ್ಲ. 2009ರ ಫೆಬ್ರವರಿಯಲ್ಲಿ ಇಡಗುಂಜಿಯಲ್ಲಿ ಶಂಭು ಹೆಗಡೆಯವರು ತೀರಿಕೊಂಡ ಸುದ್ದಿ ಬಂದ ದಿನ ಆಲ್ಬಂ ತೆಗೆದು ಕೂತೆ. ಅವರು ಒಂದರಲ್ಲೂ ಸಿಗಲಿಲ್ಲ.

ನಗು ಇಲ್ಲಿಗೆ ಸಾಕು. ಆಮೇಲಿನ ಕುಮಟೆಯ ಲೆಕ್ಕ ಬೇರೆ ತರಹದ್ದು.

ಮಾರ್ಚ್ ಬಂತೆಂದರೆ ಕುಮಟೆಯ ಹೊರಗೆ ಅಳ್ವೆಕೋಡಿ, ಹಂದಿಗೋಣದ ಕಡೆ ಹೆದ್ದಾರಿಯ ಬದಿಗೆ ಸಿಹಿ ಈರುಳ್ಳಿ ಬರುತ್ತದೆ. ಒಣಗಿದ ದಂಟು ಸೇರಿಸಿ ಜಡೆಯಂತೆ ಹೆಣೆದ ಗೊಂಚಲುಗಳನ್ನು ಕೋಲಿಗೆ ತೂಗುಹಾಕಿರುತ್ತಾರೆ. ಅಂಥದೊಂದು ಸಾಲಿನ ಕೊನೆಯಲ್ಲಿ ಹಾಲಕ್ಕಿ ಸಮುದಾಯದ ಹೆಂಗಸೊಬ್ಬಳು ಕೂತಿದ್ದಳು. ಕೊರಳಿನಿಂದ ಎದೆಯವರೆಗೆ ಕರಿ, ಹಳದಿ, ಕೆಂಪು ಮಣಿಸರಗಳು, ಮೂಗಿನಲ್ಲಿ ನತ್ತು, ಸಂಜೆಯ ಬಿಸಿಲು ಒಂದೇ ಕೆನ್ನೆಗೆ. ನಾನು ರಸ್ತೆಯ ಈಚೆ ಬಸ್ಸಿಗೆ ಕಾಯುತ್ತಿದ್ದೆ. ನನ್ನ ಬದುಕಿನಲ್ಲಿ ಸರಿಯಾಗಿ ಬಂದ ಫೋಟೋ ಅದೊಂದೇ. ಬೆಳಕಿತ್ತು, ಗಾಜು ಅಡ್ಡವಿರಲಿಲ್ಲ.

ಮಸೂರ ಒಳಗೆ ಹೋಗುವ ಸದ್ದಿಗೋ ಏನೋ ಅವಳು ಇತ್ತ ತಿರುಗಿದಳು. ಸಿಟ್ಟಾಗಲಿಲ್ಲ. ರಸ್ತೆಯಾಚೆಯಿಂದಲೇ ಕೂಗಿ ಕೇಳಿದಳು: "ಒಡ್ಯಾ, ನಂಗೂ ಒಂದು ಕೊಡ್ತ್ರಾ?"

"ಹೋಯ್, ಮುಂದಿನ ವಾರ ತತ್ತೆ" ಎಂದು ನಾನೂ ಕೂಗಿದೆ. ಬಸ್ಸು ಬಂತು.

ಕಾಪಿ ಹಾಕಿಸಿದೆ. ಒಂದಲ್ಲ, ದೊಡ್ಡದಾಗಿ ಎರಡು. ಎರಡನ್ನೂ ಒಂದು ಸ್ಪರ್ಧೆಗೆ ಕಳಿಸಿದೆ. ಎರಡನೇ ಬಹುಮಾನ ಬಂತು, ಹಾರ ಶಾಲು ಬಂತು, ಇನ್ನೂರೈವತ್ತು ರೂಪಾಯಿ ಬಂತು. ಫಾರಮ್ಮಿನಲ್ಲಿ ಶೀರ್ಷಿಕೆ ಎಂಬಲ್ಲಿ "ಹಾಲಕ್ಕಿ ಚೆಲುವು" ಎಂದು ಬರೆದಿದ್ದೆ. ಅವಳ ಹೆಸರು ಬರೆಯಲು ನನಗೆ ಗೊತ್ತಿದ್ದರಲ್ಲವೇ! ಮುಂದಿನ ವಾರ ಹೋಗಲಿಲ್ಲ. ಅದರ ಮುಂದಿನ ವಾರ ಈರುಳ್ಳಿ ಮುಗಿದಿತ್ತು. ಲಕೋಟೆ ಮಾಡಿ ಕೆಂಪು ಶಾಯಿಯಲ್ಲಿ ಬರೆದಿಟ್ಟದ್ದೇ ಕೊಟ್ಟದ್ದಕ್ಕೆ ಸಮವಾಯಿತು. 2021ರ ನವೆಂಬರಿನಲ್ಲಿ ಅಂಕೋಲೆ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು, ಅವರೂ ಹಾಲಕ್ಕಿಯವರೇ, ಅಂಥದೇ ಮಣಿಸರ ಧರಿಸಿ, ಬರಿಗಾಲಲ್ಲಿ ನಡೆದು ಪದ್ಮಶ್ರೀ ಪಡೆದ ಫೋಟೋ ಎಲ್ಲ ಪತ್ರಿಕೆಗಳಲ್ಲೂ ಬಂತು. ಅದರ ಕೆಳಗೆ ಅವರ ಹೆಸರಿತ್ತು. ನನ್ನ ಗೋಡೆಯ ಮೇಲಿದ್ದ ಬಹುಮಾನದ ಪ್ರಮಾಣಪತ್ರದಲ್ಲಿ ನನ್ನ ಹೆಸರು ಮಾತ್ರ ಇತ್ತು. ಆ ದಿನವೇ ಅದನ್ನು ಇಳಿಸಿದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಇಳಿಸಲಿಲ್ಲ. ಗೋಡೆಗೆ ಬಣ್ಣ ಹೊಡೆಸುವಾಗ ಇಳಿದದ್ದು ಮತ್ತೆ ಏರಲಿಲ್ಲ, ಅಷ್ಟೇ.

ಕ್ಯಾಮೆರಾಕ್ಕೆ ಬೈಯುವುದು ಸುಲಭ. ಅದೇ ಕ್ಯಾಮೆರಾ ಕೈಯಲ್ಲಿದ್ದ ಬೇರೆಯವರು ಎದುರಿಗೆ ಹೋಗಿ ಕೂತು, ಮಾತಾಡಿ, 35ರಲ್ಲೇ ತೆಗೆದ ಫೋಟೋಗಳನ್ನು ನಾನು ನೋಡಿದ್ದೇನೆ. ಗುಂಡಿ ಒತ್ತಿದವನು ನಾನು. ಮನೆಯಲ್ಲೂ ಇದೇ ಕತೆ. ನಮ್ಮನೆ ಜಗಲಿಯಲ್ಲಿ ಆಯಿ ಮೆಟ್ಟುಗತ್ತಿಯ ಮೇಲೆ ಕೂತು ಹಲಸಿನಕಾಯಿ ಕೊಚ್ಚುತ್ತಿದ್ದಳು. ನಾನು ಅಂಗಳದ ತುದಿಯ ದಾಸವಾಳದ ಮರೆಯಿಂದ ಹೊಡೆಯುತ್ತಿದ್ದೆ, ಸಹಜವಾಗಿ ಬರಲಿ ಎಂದು. ಅವಳು ತಲೆ ಎತ್ತದೆ, "ಅಷ್ಟು ದೂರ ನಿತ್ಗಂಡು ಎಂತ ಮಾಡ್ತೆ ತಮಾ? ಇಲ್ಲಿ ಬಾ, ಈ ಮೇಣ ಒರಸಿ ಕೊಡು" ಎಂದಳು. ಬಂದೆ ಎಂದು ಇನ್ನೆರಡು ಹೊಡೆದೆ. ಅವಳ ಹನ್ನೆರಡನೇ ದಿನಕ್ಕೆ ದೊಡ್ಡದು ಮಾಡಿಸಲು ಅದೇ ಫೋಟೋ ಗತಿಯಾಯಿತು. ದೊಡ್ಡದು ಮಾಡಿದಷ್ಟೂ ಕಾಳು ಕಾಳಾಯಿತು. ಗೋಡೆಯಲ್ಲಿ ಈಗಲೂ ಅವಳು ಕೆಳಗೆ ನೋಡುತ್ತ ಯಾವುದೋ ಕಾಣದ್ದನ್ನು ಕೊಚ್ಚುತ್ತಿದ್ದಾಳೆ, ಅವಳ ಭುಜದ ಮೇಲೆ ಹಸಿರು ಎಲೆಯೊಂದರ ಮಬ್ಬು ಅಂಚು.

2012ರ ಜನವರಿಯಲ್ಲಿ ಕೊಡಾಕ್ ಕಂಪನಿ ದಿವಾಳಿ ಅರ್ಜಿ ಹಾಕಿದ ಸುದ್ದಿ ಓದಿದಾಗ ನನಗೆ ಒಳಗೊಳಗೇ ಹಗುರವಾಗಿತ್ತು. ಇನ್ನು ರೀಲಿಲ್ಲ, ಕಾಪಿ ಹಾಕುವವರಿಲ್ಲ, ಲಕೋಟೆಯ ಸಾಲ ತನ್ನಷ್ಟಕ್ಕೆ ತೀರಿತು ಎಂಬ ಲೆಕ್ಕ. ಬ್ಯಾಂಕಿನವನಿಗೆ ಗೊತ್ತಿರಬೇಕಿತ್ತು, ಕಾಗದ ಸಾಲಕೊಟ್ಟವರ ಕೈಯಲ್ಲಿಲ್ಲ, ನನ್ನ ಕೈಯಲ್ಲೇ ಇದೆ. ನೆಗೆಟಿವ್ ಕೆಟ್ಟಿರಲಿಲ್ಲ. ಕ್ಯಾಮೆರಾದ ಗಾಜಿಗೆ ಹಿಡಿದ ಬೂಷ್ಟು ಬಿಸ್ಕಿಟ್ ಡಬ್ಬದೊಳಗೆ ಹೋಗಿರಲಿಲ್ಲ.

ಸೋದರಸೊಸೆ ಕ್ಯಾಮೆರಾ ಹುಬ್ಬಳ್ಳಿಯ ರಿಪೇರಿಯವರಿಗೆ ತೋರಿಸಿದಳು. ಹೊಸ ಬ್ಯಾಟರಿ ಹಾಕಿದರೆ ಉಳಿದದ್ದೆಲ್ಲ ನಡೆಯುತ್ತದೆ, ಝೂಮಿನ ಮೋಟರು ಮಾತ್ರ ಸತ್ತಿದೆ, ಬಿಡಿಭಾಗ ಸಿಗುವುದಿಲ್ಲ ಎಂದರಂತೆ. ಮಸೂರ 35ರಲ್ಲಿ ನಿಂತಿದೆ. "ಅಡ್ಡಿಲ್ಲೆ ಮಾವ, ಆನೇ ಹತ್ರ ಹೋಗ್ತಿ" ಎಂದು ತೆಗೆದುಕೊಂಡು ಹೋದಳು. ಪೆಂಟಾಕ್ಸ್‌ನವರೇ 2024ರಲ್ಲಿ ಮತ್ತೆ ಒಂದು ರೀಲ್ ಕ್ಯಾಮೆರಾ ತಂದರೆಂದು ಅವಳೇ ಹೇಳಿದ್ದು. ಅದಕ್ಕೆ ಝೂಮ್ ಇಲ್ಲವಂತೆ. ಎದುರಿನವರು ಎಷ್ಟು ದೂರದಲ್ಲಿದ್ದಾರೆ ಎಂಬುದನ್ನು ನಾವೇ ಅಂದಾಜು ಮಾಡಿ ಉಂಗುರ ತಿರುಗಿಸಬೇಕಂತೆ.

ಈ ಮಾರ್ಚಿನಲ್ಲಿ ಅಳ್ವೆಕೋಡಿಗೆ ಹೋದೆ. ಹೆದ್ದಾರಿ ಅಗಲವಾಗಿ ಹಳೆಯ ಜಾಗದ ಗುರುತೇ ಹತ್ತಲಿಲ್ಲ. ಈರುಳ್ಳಿ ಮಾರುವವರು ಸಾಲಾಗಿ ಕೂತಿದ್ದರು. ಹೊಸದಾಗಿ ಹಾಕಿಸಿದ ಕಾಪಿಯನ್ನು ಕೊಟ್ಟೆ. ಒಬ್ಬಳ ಕೈಯಿಂದ ಇನ್ನೊಬ್ಬಳಿಗೆ ದಾಟಿತು. ಒಬ್ಬಾಕೆ ಒಂದು ಹೆಸರು ಹೇಳಿದಳು, ಅವಳು ತೀರಿಕೊಂಡು ಆರು ವರ್ಷವಾಯಿತಂತೆ. ಇನ್ನೊಬ್ಬಾಕೆ ಅಲ್ಲವೇ ಅಲ್ಲ, ಇದು ಇಂಥವಳ ಅತ್ತೆ ಎಂದಳು. ಚರ್ಚೆ ಬಹಳ ಹೊತ್ತು ನಡೆಯಿತು, ಇತ್ಯರ್ಥವಾಗಲಿಲ್ಲ. ಮುಖದ ಒಂದೇ ಪಕ್ಕ ಕಾಣುತ್ತದೆ, ಗುರುತು ಹಿಡಿಯುವುದು ಹೇಗೆ? "ಎದ್ರಿಗೆ ಬಂದು ತೆಗೆದಿದ್ರೆ ಗುತ್ತಾತಿತ್ತು" ಎಂದಳು ಎಲ್ಲರಿಗಿಂತ ಚಿಕ್ಕವಳು. ನಾನು ಎರಡು ಗೊಂಚಲು ಈರುಳ್ಳಿ ಕೊಂಡೆ. ಈ ಸಲ ಹೆಸರು ಕೇಳಿಕೊಂಡು ಬಂದೆ, ಐವರದ್ದೂ.

ಲಕೋಟೆಯಲ್ಲಿ ಇನ್ನೂ ಹದಿಮೂರು ತುಂಡು ನೆಗೆಟಿವ್ ಇವೆ. ಭಟ್ಕಳದ ಬಸ್ ನಿಲ್ದಾಣದೆದುರು ಸೈಕಲ್ ಹಿಡಿದು ನಿಂತ ಇಬ್ಬರು ಹುಡುಗರು, ಒಬ್ಬನ ಕೈಗೆ ಪ್ಲಾಸ್ಟರು. ಕಾಸರಕೋಡಿನಲ್ಲಿ ಬಲೆ ಹೆಣೆಯುವ ಮುದುಕರು, ಹಿಂದೆ ದೋಣಿಯ ಮೇಲೆ ಅರ್ಧ ಅಳಿಸಿದ ನಕ್ಷತ್ರ. ಮಿರ್ಜಾನ್ ಕೋಟೆಯ ಗೋಡೆ ಮೇಲೆ ಕೂಸನ್ನು ಎತ್ತಿಕೊಂಡ ದಂಪತಿ, ಕೂಸಿನ ಒಂದು ಕಾಲಿಗೆ ಮಾತ್ರ ಚಪ್ಪಲಿ. 1992ರಿಂದ 2005ರ ನಡುವೆ ಈ ಮೂರು ತಾಲ್ಲೂಕಿನಲ್ಲಿ ಸೋಡಾಗ್ಲಾಸಿನ ಕನ್ನಡಕದ ಒಬ್ಬ ಮನುಷ್ಯ ದೂರದಿಂದ ನಿಮ್ಮ ಫೋಟೋ ಹೊಡೆದು, ಮುಂದಿನ ವಾರ ಕೊಡುತ್ತೇನೆ ಎಂದು ಕೂಗಿ ಬಸ್ಸು ಹತ್ತಿದ್ದರೆ ದಯವಿಟ್ಟು ಪತ್ರಿಕೆಯವರಿಗೆ ಒಂದು ಮಾತು ತಿಳಿಸಿ. ಕಾಪಿಗೆ ದುಡ್ಡು ಬೇಡ. ಅಂಚೆಯಲ್ಲಿ ಕಳಿಸುವುದಿಲ್ಲ, ನಾನೇ ಮನೆಗೆ ತಂದು ಕೊಡುತ್ತೇನೆ.